ಚುಕ್ಕಾಣಿ ಅವಳದು, ಬಾಯ್ಲರ್ ಅವನದು

1951ರ ‘ದಿ ಆಫ್ರಿಕನ್ ಕ್ವೀನ್’ ಚಿತ್ರದ ಮಾತು ಬಂದರೆ ಎಲ್ಲರೂ ಹಂಫ್ರಿ ಬೋಗಾರ್ಟ್, ಕ್ಯಾಥರೀನ್ ಹೆಪ್‌ಬರ್ನ್ ಜೋಡಿಯನ್ನೇ ಹೊಗಳುತ್ತಾರೆ. ಹೊಗಳಲಿ, ಬೋಗಾರ್ಟ್‌ಗೆ ಸಿಕ್ಕ ಒಂದೇ ಆಸ್ಕರ್ ಇದರದ್ದು. ಆದರೆ ಪಾದ್ರಿಯ ತಂಗಿಯೊಬ್ಬಳು, ಜಿನ್ ಕುಡಿದು ಮಲಗುವ ಬೋಟು ಮೆಕ್ಯಾನಿಕ್ ಒಬ್ಬ, ಇವರಿಬ್ಬರು ಒಲಿದದ್ದನ್ನು ನಾವು ನಂಬುವುದು ಬರೀ ನಟನೆಯಿಂದಲ್ಲ. ಆ ಬೋಟನ್ನು ಒಬ್ಬರೇ ನಡೆಸೋಕೆ ಆಗಲ್ಲ. ನನ್ನ ಮಟ್ಟಿಗೆ ಇಡೀ ಪ್ರೇಮಕತೆ ನಿಂತಿರೋದು ಅದರ ಮೇಲೆ.

ಕತೆ ನಡೆಯೋದು ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯ ವಸಾಹತಾಗಿದ್ದ ಜರ್ಮನ್ ಪೂರ್ವ ಆಫ್ರಿಕಾದಲ್ಲಿ. ಜರ್ಮನ್ ಸೈನಿಕರು ಹಳ್ಳಿ ಸುಡುತ್ತಾರೆ, ಪಾದ್ರಿ ಅಣ್ಣ ತೀರಿಕೊಳ್ಳುತ್ತಾನೆ, ತಂಗಿ ರೋಸ್ ಮೆಕ್ಯಾನಿಕ್ ಚಾರ್ಲಿಯ ಬೋಟು ‘ಆಫ್ರಿಕನ್ ಕ್ವೀನ್’ ಹತ್ತುತ್ತಾಳೆ. ನದಿ ಇಳಿದು ಹೋಗಿ ಸರೋವರದಲ್ಲಿರುವ ಜರ್ಮನ್ ಯುದ್ಧನೌಕೆ ‘ಲೂಯಿಸಾ’ವನ್ನು ಮುಳುಗಿಸಬೇಕು ಅನ್ನೋದು ಅವಳ ಹಟ.

ಸೌದೆ ಉರಿಸಿ ಹಬೆಯಲ್ಲಿ ಓಡುವ ಬೋಟು ಅದು. ಒಬ್ಬರು ಬಾಯ್ಲರ್ ಪಕ್ಕ ಕೂತಿರಲೇಬೇಕು. ಬೆಂಕಿ ಕುಗ್ಗಿದರೆ ಒತ್ತಡ ಇಳಿಯುತ್ತೆ. ಬಾಯ್ಲರ್‌ನಲ್ಲಿ ನೀರು ಕಡಿಮೆಯಾದರೆ ಒಳಗಿನ ಲೋಹ ಕೆಂಪಗೆ ಕಾದು ಒಡೆಯುವ ಭಯ. ಚುಕ್ಕಾಣಿ ಇರೋದು ಹಿಂದಿನ ತುದಿಯಲ್ಲಿ. ಶಾಂತವಾದ ನೀರಲ್ಲಿ ಒಬ್ಬನೇ ಎರಡು ಕಡೆಗೂ ಓಡಾಡಿ ಹೇಗೋ ಸಂಭಾಳಿಸಬಹುದು. ಬಂಡೆಗಳ ನಡುವೆ ನುಗ್ಗುವ ಇಳಿಜಾರಿನಲ್ಲಿ ಆ ಆಟ ನಡೆಯಲ್ಲ. ಚುಕ್ಕಾಣಿಯ ಹಲಗೆಯನ್ನು ಸವರಿಕೊಂಡು ನೀರು ಹರಿದರೆ ಮಾತ್ರ ಅದಕ್ಕೆ ಹಿಡಿತ. ಬೋಟು ಪ್ರವಾಹದಷ್ಟೇ ವೇಗದಲ್ಲಿ ತೇಲುತ್ತಿದ್ದರೆ ಎಷ್ಟು ತಿರುಗಿಸಿದರೂ ಅದು ಮಾತು ಕೇಳಲ್ಲ. ಹಾಗಾಗಿ ಎಲ್ಲಿ ಜೀವಭಯ ಹೆಚ್ಚೋ ಅಲ್ಲೇ ಎಂಜಿನ್ ಜೋರಾಗಿ ಓಡಬೇಕು. ಮುಂದಿನ ಬಂಡೆ ಅವನಿಗೆ ಕಾಣಲ್ಲ, ಹಬೆಯ ಒತ್ತಡ ಅವಳಿಗೆ ಗೊತ್ತಾಗಲ್ಲ. ಒಬ್ಬರನ್ನೊಬ್ಬರು ನಂಬದೆ ಬೇರೆ ದಾರಿಯೇ ಇಲ್ಲ. ಮೊದಲ ಇಳಿಜಾರು ದಾಟಿದಾಗ ರೋಸ್ ಮುಖದ ಮೇಲೆ ಬರುವ ಆ ಬೆಳಕಿಗೆ ಇದೇ ಕಾರಣ.

ನದಿ ದಡದಲ್ಲಿರುವ ಜರ್ಮನ್ನರ ಷೋನಾ ಕೋಟೆಯ ದೃಶ್ಯವನ್ನು ಈ ಕಣ್ಣಿನಿಂದ ನೋಡಿ. ಮೇಲಿಂದ ಗುಂಡು ಬೀಳುತ್ತಿರುವಾಗ ಹಬೆಯ ಪೈಪು ಕಿತ್ತು ಬರುತ್ತೆ, ಬೋಟಿನ ಶಕ್ತಿ ಉಡುಗುತ್ತೆ. ಸುಡುವ ಹಬೆಯಲ್ಲಿ ಕೈಯಿಟ್ಟು ಚಾರ್ಲಿ ಅದನ್ನು ಮತ್ತೆ ಕೂರಿಸಬೇಕು. ಅಷ್ಟು ಹೊತ್ತೂ ರೋಸ್ ಚುಕ್ಕಾಣಿ ಬಿಡುವ ಹಾಗಿಲ್ಲ. ಗುರಿಕಾರನ ಕಣ್ಣಿಗೆ ಬಿಸಿಲು ಹೊಡೆದು ಇವರು ಬಚಾವಾಗುತ್ತಾರೆ. ಪ್ರೀತಿಯ ಬಗ್ಗೆ ಒಂದು ಮಾತೂ ಇಲ್ಲದ ದೃಶ್ಯ, ಆದರೆ ಮುಂದೆ ಬರುವ ಚುಂಬನಕ್ಕೆ ಅಡಿಪಾಯ ಹಾಕೋದೇ ಇದು.

ಪ್ರೊಪೆಲರ್ ತಿರುಗಿಸುವ ದಂಡ, ಅಂದರೆ ಶಾಫ್ಟ್, ಅದರ ರಿಪೇರಿಯ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಜಲಪಾತದಂಥ ಇಳಿಜಾರಿನಲ್ಲಿ ಬಡಿದು ಶಾಫ್ಟ್ ತಿರುಚಿಕೊಳ್ಳುತ್ತೆ, ಪ್ರೊಪೆಲರ್‌ನ ಒಂದು ಎಲೆ ಮುರಿದು ಹೋಗುತ್ತೆ. ಇಂಥ ಸ್ಥಿತಿಯಲ್ಲಿ ಎಂಜಿನ್ ಓಡಿಸಿದರೆ ಡೊಂಕು ಶಾಫ್ಟ್ ತಿರುಗಿದ ಹಾಗೆಲ್ಲ ತಳದ ಹಲಗೆಗಳನ್ನೇ ಅಲುಗಾಡಿಸುತ್ತೆ. ಒಂದು ಎಲೆ ಇಲ್ಲದ ಪ್ರೊಪೆಲರ್ ತೂಕ ತಪ್ಪಿ ಆ ನಡುಕವನ್ನು ಇನ್ನಷ್ಟು ಹೆಚ್ಚಿಸುತ್ತೆ. ಕೆಲಸ ಗೊತ್ತಿರುವ ಚಾರ್ಲಿ ‘ಆಗಲ್ಲ’ ಅನ್ನುತ್ತಾನೆ. ಏನೂ ಗೊತ್ತಿಲ್ಲದ ರೋಸ್ ಒಂದೊಂದೇ ಪ್ರಶ್ನೆ ಕೇಳುತ್ತಾಳೆ: ನೀರಿನೊಳಗೇ ಬಿಚ್ಚೋಕೆ ಆಗಲ್ವಾ? ದಡದಲ್ಲಿ ಬೆಂಕಿ ಹಾಕಿ ನೆಟ್ಟಗೆ ಮಾಡೋಕೆ ಆಗಲ್ವಾ? ಹೊಸ ಎಲೆ ಬೆಸೆಯೋಕೆ ಆಗಲ್ವಾ? ಒಂದೊಂದಕ್ಕೂ ಅವನ ‘ಆಗಲ್ಲ’ ಸಡಿಲವಾಗುತ್ತಾ ಹೋಗುತ್ತೆ. ಕೊನೆಗೆ ಇಬ್ಬರೂ ನೀರಿಗಿಳಿದು ಬಿಚ್ಚುತ್ತಾರೆ, ದಡದಲ್ಲಿ ಕುಲುಮೆ ಎಬ್ಬಿಸುತ್ತಾರೆ. ತಿದಿ ಒತ್ತದೆ ಬರೀ ಸೌದೆ ಬೆಂಕಿಯಲ್ಲಿ ಕಬ್ಬಿಣ ಬೆಸುಗೆಯ ಕಾವಿಗೆ ಬರಲ್ಲ ಅನ್ನೋದು ಯಾವ ಕಮ್ಮಾರನಿಗೂ ಗೊತ್ತು. ಪ್ರೊಪೆಲರ್ ಕಂಚಿನದ್ದಾಗಿದ್ದರೆ ಈ ಬೆಸುಗೆ ಸಾಧ್ಯವೇ ಇಲ್ಲ. ಕಬ್ಬಿಣದ್ದು ಅಂತಲೇ ಒಪ್ಪಿಕೊಂಡು ನೋಡಬೇಕು.

ಜೊಂಡು, ಜಿಗಣೆ, ಮಳೆ ಎಲ್ಲ ಕಳೆದು ಸರೋವರ ಸೇರಿದ ಮೇಲೆ ಬೋಟಿನ ಮೂತಿಯಲ್ಲಿ ಎರಡು ತೂತು ಕೊರೆದು ತಾವೇ ಮಾಡಿದ ಟಾರ್ಪೆಡೊ ಕೂರಿಸುತ್ತಾರೆ. ಸೋಲು ಒಳಬರೋದೂ ಅಲ್ಲಿಂದಲೇ. ನೀರಿನ ಮಟ್ಟಕ್ಕಿಂತ ತುಸು ಮೇಲಿರುವ ಆ ತೂತು ಶಾಂತ ನೀರಲ್ಲಿ ಏನೂ ಮಾಡಲ್ಲ, ಬಿರುಗಾಳಿಯ ಅಲೆಗೆ ಮಾತ್ರ ಬಾಗಿಲು ತೆರೆದಿಟ್ಟ ಹಾಗೆ. ಬೋಟು ಮಗುಚುತ್ತೆ. ಚಿತ್ರಕ್ಕೆ ಮೂಲವಾದ ಸಿ.ಎಸ್. ಫಾರೆಸ್ಟರ್ ಅವರ 1935ರ ಕಾದಂಬರಿಯಲ್ಲಿ ಜರ್ಮನ್ ಹಡಗನ್ನು ಕೊನೆಗೆ ಮುಳುಗಿಸೋದು ಬ್ರಿಟಿಷ್ ನೌಕಾಪಡೆ. ನಿರ್ದೇಶಕ ಜಾನ್ ಹ್ಯೂಸ್ಟನ್ ಅದನ್ನು ಬದಲಿಸಿ, ಮಗುಚಿದ ಬೋಟಿಗೇ ‘ಲೂಯಿಸಾ’ ಬಂದು ಬಡಿಯುವಂತೆ ಮಾಡಿದರು. ಕಾಕತಾಳೀಯ ಅನ್ನುವವರಿದ್ದಾರೆ. ಇಬ್ಬರ ಕೈಕೆಲಸ ವ್ಯರ್ಥವಾಗದ ಆ ಅಂತ್ಯವೇ ನನಗೆ ಸರಿ ಕಾಣುತ್ತೆ.

‘ಲೂಯಿಸಾ’ಗೆ ಮೂಲವಾದ ಹಡಗು ‘ಗ್ರಾಫ್ ಫಾನ್ ಗೋಟ್ಜೆನ್’. ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ಕಟ್ಟಿ, ಬಿಚ್ಚಿ, ಪೆಟ್ಟಿಗೆಗಳಲ್ಲಿ ಸಾಗಿಸಿ ಟಾಂಗಾನಿಕಾ ಸರೋವರದ ದಡದಲ್ಲಿ ಮತ್ತೆ ಜೋಡಿಸಿದ್ದು. 1916ರಲ್ಲಿ ಜರ್ಮನ್ನರೇ ಎಂಜಿನ್‌ಗೆ ಗ್ರೀಸ್ ಬಳಿದು ಅದನ್ನು ಮುಳುಗಿಸಿದರು. 1924ರಲ್ಲಿ ಬ್ರಿಟಿಷರು ಮೇಲೆತ್ತಿದರು. 1927ರಿಂದ ಅದು ‘ಲಿಯೆಂಬಾ’ ಹೆಸರಲ್ಲಿ ಜನರನ್ನು ಸಾಗಿಸಿತು. ನಮ್ಮ ಕಡೆಗೂ ಆ ಯುದ್ಧದ ನಂಟಿದೆ. ಚಿತ್ರದ ಕಾಲಕ್ಕೆ ಎರಡು ತಿಂಗಳಾದ ಮೇಲೆ, 1914ರ ನವೆಂಬರ್‌ನಲ್ಲಿ, ಅದೇ ವಸಾಹತಿನ ಟಾಂಗಾ ಬಂದರಿನಲ್ಲಿ ಇಳಿದು ಸೋತ ಬ್ರಿಟಿಷ್ ಭಾರತೀಯ ಪಡೆಯಲ್ಲಿ ‘ಬ್ಯಾಂಗಲೋರ್ ಬ್ರಿಗೇಡ್’ ಇತ್ತು.

ಈ ಚಿತ್ರದ ದೊಡ್ಡ ಕೊರತೆ ಆಫ್ರಿಕನ್ನರು. ಹಳ್ಳಿ ಸುಟ್ಟ ಮೇಲೆ ಆ ಜನ ಏನಾದರು ಅಂತ ಚಿತ್ರ ಕೇಳೋದೇ ಇಲ್ಲ. ಬೋಟಿನ ಸೇಫ್ಟಿ ವಾಲ್ವ್‌ನೊಳಗೆ ಸ್ಕ್ರೂಡ್ರೈವರ್ ಬೀಳಿಸಿದ ಅಂತ ಚಾರ್ಲಿ ದೂರುವ ಕೆಲಸದ ಹುಡುಗನಿಗೆ ಹೆಸರೂ ಇಲ್ಲ. ಆ ರಣರಂಗದಲ್ಲಿ ಹೊರೆ ಹೊತ್ತು ಸತ್ತ ಆಫ್ರಿಕನ್ನರ ಸಂಖ್ಯೆ ಅಪಾರ, ಇದನ್ನು ಮರೆತು ಚಿತ್ರ ನೋಡೋದು ಸರಿಯಲ್ಲ.

ಚಿತ್ರೀಕರಣ ನಡೆದದ್ದು ಉಗಾಂಡದಲ್ಲಿ ಮತ್ತು ಬೆಲ್ಜಿಯನ್ ಕಾಂಗೋದ ರುಯಿಕಿ ನದಿಯಲ್ಲಿ. ಟೆಕ್ನಿಕಲರ್ ಕ್ಯಾಮೆರಾ ಭಾರಿ ಗಾತ್ರದ್ದು, ಬೋಟು ಪುಟ್ಟದು. ಹಾಗಾಗಿ ತೆಪ್ಪದ ಮೇಲೆ ಬೋಟಿನ ಪ್ರತಿಕೃತಿ ಕಟ್ಟಿ ತೆಗೆದ ಶಾಟ್‌ಗಳಿವೆ. ನಟರು ನೀರಿಗಿಳಿಯುವ ದೃಶ್ಯಗಳನ್ನು ರೋಗಭಯದಿಂದ ಲಂಡನ್ನಿನ ಸ್ಟುಡಿಯೊ ತೊಟ್ಟಿಯಲ್ಲಿ ತೆಗೆದರು. 2010ರಲ್ಲಿ ಡಿವಿಡಿಯಾಗಿ ಬಂದ ಮರುಸಂಸ್ಕರಿಸಿದ ಪ್ರತಿಯನ್ನೇ ಹುಡುಕಿ ನೋಡಿ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಹಿಡಿದ ನಿಜವಾದ ನದಿ ಎಲ್ಲಿ, ಸ್ಟುಡಿಯೊ ಎಲ್ಲಿ ಅಂತ ಅದರಲ್ಲಿ ಬಣ್ಣದಿಂದಲೇ ಗುರುತಿಸಬಹುದು.