ಕೊಂಡ ಪುಸ್ತಕಕ್ಕೆ ಆಲ್ಟ್ರೇಷನ್ ಇಲ್ಲ

ಬಳ್ಳಾರಿಯಲ್ಲಿ ಜೀನ್ಸ್ ಕೊಂಡರೆ ಮುಂದಿನ ಕೆಲಸ ಎಲ್ಲರಿಗೂ ಗೊತ್ತು. ಹೊಲಿಗೆ ಮಷಿನ್ ಮುಂದೆ ನಿಂತು, "ಎರಡಿಂಚು ಕಡಿಮೆ ಮಾಡಪ್ಪಾ" ಅನ್ನುವುದು. "ನೀವು ಕೊಂಡಿದ್ದು ಪ್ಯಾಂಟಲ್ಲ, ತೊಡುವ ಪರವಾನಗಿ ಮಾತ್ರ" ಎಂದು ಕಂಪನಿಯವರು ಓಡಿ ಬಂದು ಯಾರನ್ನೂ ತಡೆದಿಲ್ಲ.

ನನ್ನನ್ನು ತಡೆದರು. ಪ್ಯಾಂಟಿಗಲ್ಲ, ಪುಸ್ತಕಕ್ಕೆ.

ಆನ್‌ಲೈನ್ ಅಂಗಡಿಯೊಂದರಲ್ಲಿ 349 ರೂಪಾಯಿ ಕೊಟ್ಟು ಇಬುಕ್ ಕೊಂಡೆ. ಬಟನ್ ಮೇಲೆ 'ಖರೀದಿಸಿ' ಅಂತಲೇ ಇತ್ತು. ಓದೋಣ ಅಂದರೆ ಅವರದೇ ಆ್ಯಪ್ ಬೇಕಂತೆ. ನಾನು ಇಬುಕ್ ಓದುವ ರೀಡರ್ ಯಂತ್ರ ಬೇರೆ ಕಂಪನಿಯದು, ಅದರೊಳಗೆ ಈ ಪುಸ್ತಕ ಕಾಲಿಡುವುದಿಲ್ಲ. ಬೀಗ ಬಿದ್ದ ಪುಸ್ತಕಕ್ಕೆ ಬೀಗರಿಗಿಂತ ಬಿಗುಮಾನ ಜಾಸ್ತಿ.

ಇದಕ್ಕೊಬ್ಬ ಟೈಲರ್ ಇದ್ದಾನೆ. ಹೆಸರು ಕ್ಯಾಲಿಬರ್. ನಮ್ಮ ದೇಶದವರೇ ಆದ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್, ಪೂರ್ತಿ ಪುಕ್ಕಟೆ. ಇಪಬ್, ಮೋಬಿ ಅಂತ ಇಬುಕ್ ಫೈಲುಗಳಲ್ಲಿ ಬೇರೆ ಬೇರೆ ನಮೂನೆ; ಇಪಬ್ ಕೊಟ್ಟರೆ ಮೋಬಿ ಮಾಡಿಕೊಡುತ್ತದೆ. ಅಂಚು ಸರಿಮಾಡುತ್ತದೆ, ಅಕ್ಷರ ದೊಡ್ಡದು ಮಾಡುತ್ತದೆ, ಲೇಖಕರ ಹೆಸರಿನ ಪ್ರಕಾರ ಕಪಾಟಿನಲ್ಲಿ ಜೋಡಿಸಿಯೂ ಇಡುತ್ತದೆ. ಖುಷಿಯಿಂದ ಪುಸ್ತಕ ಎಳೆದು ಹಾಕಿ 'ಕನ್ವರ್ಟ್' ಒತ್ತಿದೆ. ಡಿಆರ್‌ಎಂ ಬೀಗ ಇದೆ, ಆಗಲ್ಲ ಅಂದಿತು. ನಕಲು ಮಾಡದಂತೆ, ಬೇರೆ ಕಡೆ ತೆರೆಯದಂತೆ ಫೈಲಿಗೆ ಹಾಕುವ ಡಿಜಿಟಲ್ ಬೀಗ ಅದು. ಬೀಗ ಒಡೆಯುವುದು ಅದರ ಕೆಲಸವಲ್ಲ. ಮರ್ಯಾದಸ್ಥ ಟೈಲರ್.

ನಾನೇ ಒಡೆಯೋಣ ಅಂದರೆ, 2012ರಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಅನ್ನುವ ಕಲಂ ಸೇರಿಸಿದ್ದಾರೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು. ನನ್ನ ಉದ್ದೇಶ ಮಂಚದ ಮೇಲೆ ಮಲಗಿ ಓದುವುದು, ಅಷ್ಟೇ. ಅದನ್ನು ಜಡ್ಜ್ ಮುಂದೆ ಮಲಗಿ ತೋರಿಸೋಕಾಗುತ್ತಾ? ಬಳ್ಳಾರಿ ಜೈಲಿಗೆ ಒಂದು ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಹೋಗಿದ್ದರು. ಆ ಸಾಲಿನಲ್ಲಿ 'ಅಕ್ಷರ ದೊಡ್ಡದು ಮಾಡಲು ಹೋಗಿ ಸಿಕ್ಕಿಬಿದ್ದವ' ಅಂತ ನಾನು ಕೂರುವುದು ಬೇಡ.

ಸುಮ್ನೆ ಇರೋಣ, ಆ್ಯಪ್‌ನಲ್ಲಾದರೂ ಇರುತ್ತದಲ್ಲ ಅಂದುಕೊಂಡೆ. ಅದಕ್ಕೂ ಗ್ಯಾರಂಟಿ ಇಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇಬುಕ್ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಮಾಯವಾದವು. ದುಡ್ಡು ವಾಪಸ್ ಕೊಟ್ಟರು, ಇಲ್ಲ ಅನ್ನಲ್ಲ. ಆದರೆ ಅಂಗಡಿ ಮುಚ್ಚುವಾಗ ಗಿರಾಕಿಯ ಮನೆಗೇ ಬಂದು, ಕಾಲ ಮೇಲಿನ ಪ್ಯಾಂಟು ಬಿಚ್ಚಿಸಿಕೊಂಡು, ಕೈಗೆ ನೋಟು ಇಟ್ಟು ಹೋಗುವ ವ್ಯಾಪಾರವನ್ನು ನಾನಂತೂ ಕೌಲ್ ಬಜಾರಿನಲ್ಲಿ ನೋಡಿಲ್ಲ.

ಮೊನ್ನೆ ಜೀನ್ಸ್ ಕೊಡಲು ಹೋದಾಗ ಟೈಲರ್‌ಗೆ ಇದನ್ನೆಲ್ಲ ಹೇಳಿದೆ. ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದ.

"ಹಂಗಂದ್ರೆ ಬಾಡಿಗಿ ತಂದೀಯೇನಣ್ಣಾ?"

"ಇಲ್ಲಪ್ಪ, ಪೂರ್ತಿ ದುಡ್ಡು ಕೊಟ್ಟೀನಿ."

"ಮತ್ತೆ ಓದಿ ಆದಮ್ಯಾಲೆ ತಮ್ಮಗ ಕೊಡಬಹುದಲ್ಲ?"

"ಕೊಡಂಗಿಲ್ಲ."

ಮಷಿನ್ ನಿಲ್ಲಿಸಿ ನನ್ನನ್ನೇ ನೋಡಿದ. ಮೋಸ ಹೋದ ಗಿರಾಕಿಯನ್ನು ನೋಡುವ ನೋಟ ಅದು. ಮತ್ತೇನೂ ಕೇಳಲಿಲ್ಲ. ಪ್ಯಾಂಟು ಮಡಚಿ ಚೀಲಕ್ಕೆ ಹಾಕಿದ. ಕತ್ತರಿಸಿದ ಎರಡು ಬಟ್ಟೆ ತುಂಡುಗಳನ್ನೂ ಹುಡುಕಿ ಎತ್ತಿ, ಧೂಳು ಕೊಡವಿ ನನ್ನ ಕೈಗಿಟ್ಟ.

"ಒಯ್ಯಣ್ಣಾ, ಇವೂ ನಿನ್ನವೇ."