ಕಕ್ಕಡದಲ್ಲೊಂದು ಕಾಕ್‌ಟೇಲ್

ಕೊಡಗಿನಲ್ಲಿ ರಮ್ಮಿಗೆ ಏನನ್ನಾದರೂ ಬೆರೆಸಿ ನೋಡಬೇಕೆನ್ನುವವನು ಮೊದಲು ನಿವೃತ್ತ ಸೈನಿಕರಿಲ್ಲದ ಮನೆಯೊಂದನ್ನು ಹುಡುಕಿಕೊಳ್ಳಬೇಕು. ಅಂಥ ಮನೆ ಸಿಗುವುದು ಕಷ್ಟ. ನಮ್ಮ ಮನೆಯಲ್ಲಂತೂ ಸುಬೇದಾರರಾಗಿ ನಿವೃತ್ತರಾದ ದೊಡ್ಡಪ್ಪ ಇದ್ದಾರೆ. ಕ್ಯಾಂಟೀನ್ ಕೋಟಾದ ಬಾಟಲಿಗಳನ್ನು ಬೀರುವಿನಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಸಂಜೆ ಏಳಕ್ಕೆ ಸರಿಯಾಗಿ ಒಂದನ್ನು ಕರ್ತವ್ಯಕ್ಕೆ ಕರೆಯುತ್ತಾರೆ. ರಮ್ಮು, ಅದರ ಮೇಲೆ ಬಿಸಿನೀರು. ತೀರಾ ಶೀತವಾಗಿದ್ದರೆ ತೋಟದ ಕರಿಮೆಣಸು ಎರಡು ಕಾಳು. ಅದರಾಚೆಗೆ ಏನು ಸೇರಿಸಿದರೂ ಅವರ ಪ್ರಕಾರ ಕೋರ್ಟ್ ಮಾರ್ಷಲ್‌ಗೆ ಯೋಗ್ಯವಾದ ಅಪರಾಧ. ಬ್ರಿಟಿಷ್ ನೌಕಾಪಡೆ ನಾವಿಕರ ದಿನದ ರಮ್ ಪಡಿಯನ್ನು 1970ರ ಜುಲೈ 31ರಂದು ನಿಲ್ಲಿಸಿದ್ದು ಅವರ ದೃಷ್ಟಿಯಲ್ಲಿ ಆ ದೇಶ ಸಾಮ್ರಾಜ್ಯವನ್ನು ಕಳೆದುಕೊಂಡದ್ದಕ್ಕಿಂತ ದೊಡ್ಡ ನಷ್ಟ. ಅದೇ ನೌಕಾಪಡೆಯಲ್ಲಿ 1740ರಲ್ಲೇ ಅಡ್ಮಿರಲ್ ವರ್ನನ್ ರಮ್ಮಿಗೆ ನೀರು ಬೆರೆಸಿ ಕೊಡಿ, ಬೇಕಾದವರು ನಿಂಬೆ, ಸಕ್ಕರೆ ಹಾಕಿಕೊಳ್ಳಲಿ ಎಂದು ಅಪ್ಪಣೆ ಹೊರಡಿಸಿದ್ದ ಎಂದು ನಾನೊಮ್ಮೆ ಹೇಳಿದೆ. "ಅದಕ್ಕೇ ಅವರು ಹಡಗಿನಲ್ಲಿದ್ದರು, ನಾವು ನೆಲದ ಮೇಲಿದ್ದೆವು" ಎಂದರು. ಈ ಉತ್ತರದ ಅರ್ಥ ನನಗೆ ಇನ್ನೂ ಆಗಿಲ್ಲ. ಆದರೆ ಎದುರುತ್ತರ ಕೊಡಲೂ ಆಗಿಲ್ಲ.

ಇಂಥ ಶಿಸ್ತಿನ ಮನೆಗೆ ಚಿಕ್ಕಪ್ಪನ ಮಗ ಪ್ಯಾರಿಸ್ಸಿನಿಂದ ಬರುವಾಗ ಎರಡು ಬಾಟಲಿ ತಂದ. ಕೆಂಪನೆಯದು ಇಟಲಿಯ ಕಂಪಾರಿ, ಹಳದಿಯದು ಫ್ರಾನ್ಸಿನ ಸೂಜ್. ಜೊತೆಗೆ, ಕೊಡಗಿನ ಮಳೆ ನೋಡಬೇಕೆಂದು ಹಟ ಹಿಡಿದಿದ್ದ ಬೆಂಗಳೂರಿನ ಸಹೋದ್ಯೋಗಿಯೊಬ್ಬನನ್ನೂ ಕರೆತಂದಿದ್ದ. ಕೊಡವರ ಪಂಚಾಂಗದಲ್ಲಿ ಆಗ ಕಕ್ಕಡ ಮಾಸ. ಮಳೆ ನೋಡುವುದಕ್ಕೇನೂ ಕೊರತೆಯಿರಲಿಲ್ಲ. ಬೇರೆ ಏನೂ ಕಾಣಿಸುತ್ತಿರಲಿಲ್ಲ.

"ಇವು ಅಪೆರಿಟಿಫ್ ದೊಡ್ಡಮ್ಮ. ಊಟಕ್ಕೆ ಮುಂಚೆ ಸ್ವಲ್ಪ ಕುಡಿದರೆ ಹಸಿವು ಹೆಚ್ಚುತ್ತದೆ" ಎಂದ ತಮ್ಮ. ದೊಡ್ಡಮ್ಮ ಬೆಚ್ಚಿಬಿದ್ದರು. ಮಳೆಗೆ ಹೊರಗೆ ಕಾಲಿಡಲಾಗದ ಗಂಡಸರು ಬೆಳಿಗ್ಗೆ ಹತ್ತಕ್ಕೇ ಅಡುಗೆಮನೆಗೆ ಇಣುಕುವ ಕಾಲ ಅದು. "ಹಸಿವನ್ನು ಮಲಗಿಸುವ ಬಾಟಲಿ ಇದ್ದರೆ ತಾ" ಎಂದರು. ಆದರೂ ಕುತೂಹಲಕ್ಕೆ ಹಳದಿಯದನ್ನು ಅರ್ಧ ಚಮಚ ನಾಲಿಗೆಗೆ ತಾಕಿಸಿ, "ಕಿರಾತಕಡ್ಡಿ ಕಷಾಯಕ್ಕೆ ಇಷ್ಟು ದುಡ್ಡು ಕೊಟ್ಟೆಯಾ?" ಎಂದು ಕೇಳಿದರು. ದೊಡ್ಡಮ್ಮನ ನಾಲಿಗೆಗೆ ನಮಸ್ಕಾರ ಹೇಳಬೇಕು. ಸೂಜ್ ತಯಾರಾಗುವುದು ಜೆನ್ಷಿಯನ್ ಬೇರಿನಿಂದ. ಕಿರಾತಕಡ್ಡಿಯೂ ಜೆನ್ಷಿಯನ್ ಕುಟುಂಬದ್ದೇ ಗಿಡ.

ತಮ್ಮ ಮಾಡಹೊರಟದ್ದು ಜಂಗಲ್ ಬರ್ಡ್. 1970ರ ದಶಕದಲ್ಲಿ ಕೌಲಾಲಂಪುರದ ಹೋಟೆಲೊಂದರಲ್ಲಿ ಹುಟ್ಟಿದ ಕಾಕ್‌ಟೇಲ್ ಅದು: ರಮ್ಮು, ಕಂಪಾರಿ, ಅನಾನಸ್ ರಸ, ನಿಂಬೆ, ಸಕ್ಕರೆ ಪಾಕ. ಅನಾನಸ್ ನಮ್ಮ ಹಿತ್ತಲಿನದೇ. ರಮ್ಮನ್ನು ದೊಡ್ಡಪ್ಪನಿಂದ ಗಂಭೀರ ಮಾತುಕತೆಯ ನಂತರ ಪಡೆದದ್ದಾಯಿತು. ಐಸ್ ಇರಲಿಲ್ಲ, ಏಕೆಂದರೆ ಕರೆಂಟ್ ಹೋಗಿ ದಿನಗಳಾಗಿದ್ದವು. ಛತ್ರಿ ಹಿಡಿದು ಹೋದವನು ಮೀನಿನ ಅಂಗಡಿಯಿಂದ ಐಸ್ ತಂದ. ತೊಳೆದೂ ತೊಳೆದೂ ಐಸ್ ಅರ್ಧ ಕರಗಿತು, ಬಂಗುಡೆಯ ವಾಸನೆ ಕರಗಲಿಲ್ಲ.

ನಿಂಬೆಹಣ್ಣು ಮುಗಿದಿತ್ತು. ಹುಳಿ ಹುಳಿಯೇ ತಾನೆ ಎಂದು ತಮ್ಮ ಕಾಚಂಪುಳಿಯ ಬಾಟಲಿಗೆ ಕೈ ಹಾಕಿದ. ಪಂದಿ ಕರಿಗೆ ಬಣ್ಣವನ್ನೂ ಹುಳಿಯನ್ನೂ ಕೊಡುವ ಈ ರಸ ತಯಾರಾಗುವುದು ಉಪ್ಪಾಗೆ ಹಣ್ಣಿನಿಂದ ಇಳಿದ ನೀರನ್ನು ಕಪ್ಪಗೆ, ಮಂದವಾಗಿ ಬರುವವರೆಗೆ ಕುದಿಸಿ ಬತ್ತಿಸಿದಾಗ. ಒಂದು ಕಿಲೋ ಹಂದಿಮಾಂಸಕ್ಕೆ ಒಂದೆರಡು ಚಮಚ ಬೇಕಾದಷ್ಟಾಯಿತು. ತಮ್ಮ ನಿಂಬೆರಸದ ಅಳತೆಯಲ್ಲೇ ಸುರಿದ. ಶೇಕರ್ ಇಲ್ಲದ್ದರಿಂದ ಎಲ್ಲವನ್ನೂ ಚಕ್ಕುಲಿಯ ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿದ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ, ಮುಚ್ಚಳ ಒಳಕ್ಕೆ ಎಳೆದುಕೊಂಡು ಕಚ್ಚಿಕೊಂಡಿತು. ಚಮಚದ ಹಿಡಿಯಿಂದ ಮೀಟಿದೆವು. ಮಳೆಗೆ ಜಗಲಿಯಲ್ಲಿ ನಿಂತಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ಒಳಬಂದು ಮಂಡಿಗಳ ನಡುವೆ ಡಬ್ಬಿ ಸಿಕ್ಕಿಸಿಕೊಂಡು ತಿರುಗಿಸಿದರು. ಮುಚ್ಚಳ ಕದಲಲಿಲ್ಲ. ದೊಡ್ಡಪ್ಪ ಎದ್ದು ಬಂದು, ತಮ್ಮದೇ ಗ್ಲಾಸಿಗೆಂದು ಇಟ್ಟುಕೊಂಡಿದ್ದ ಕೆಟಲ್ಲಿನಿಂದ ಮುಚ್ಚಳದ ಅಂಚಿಗೆ ಸುತ್ತಲೂ ಸುರಿದರು. ಟಪ್ಪೆಂದು ಬಿಟ್ಟುಕೊಂಡಿತು. "ಕೊನೆಗೂ ಬಿಸಿನೀರೇ ಬೇಕಾಯಿತಲ್ಲ" ಎಂದರು.

ಗ್ಲಾಸಿಗೆ ಬಿದ್ದದ್ದು ಕಪ್ಪಗಿತ್ತು. ನನಗೆ ಮೊದಲ ಗುಟುಕಿಗೇ ಹಲ್ಲು ಜುಮ್ಮೆಂದಿತು. ಬೆಂಗಳೂರಿನವನು ಸಭ್ಯಸ್ಥ, "ವಿಶಿಷ್ಟವಾಗಿದೆ" ಎಂದ. ದೊಡ್ಡಪ್ಪ ಚಪ್ಪರಿಸಿ, ಸ್ವಲ್ಪ ಯೋಚಿಸಿ, "ಮಾಂಸ ಎಲ್ಲಿ?" ಎಂದು ಕೇಳಿದರು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಮರುದಿನ ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3. ಅಂದು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂಬುದು ಇಲ್ಲಿನ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡುನೇರಳೆಯಾಗುತ್ತದೆ, ಮನೆಯಿಡೀ ಅದರ ಘಮ ಹರಡುತ್ತದೆ. ದೊಡ್ಡಮ್ಮ ಆ ನೀರಿನಲ್ಲಿ ಪಾಯಸ ಮಾಡಿದರು. ತಮ್ಮ ಒಂದು ಲೋಟ ಕದ್ದು ಸಕ್ಕರೆ ಹಾಕಿ ಪಾಕ ಮಾಡಿಕೊಂಡ. ಬಿಳಿ ರಮ್ಮು, ಮದ್ದು ಸೊಪ್ಪಿನ ಪಾಕ, ರೈಟರ್ ತಂದುಕೊಟ್ಟ ನಿಂಬೆ, ಮೇಲೆ ಒಂದು ಎಳೆ ಕಂಪಾರಿ. ಈ ಸಲ ನಿಜಕ್ಕೂ ರುಚಿಯಾಗಿತ್ತು. ಪಕ್ಷಪಾತವಿಲ್ಲದೆ ಹೇಳುತ್ತಿದ್ದೇನೆ. ಸಿಹಿಯ ಹಿಂದೆ ಕಾಡುಸೊಪ್ಪಿನ ಪರಿಮಳ, ಅದರ ಹಿಂದೆ ಕಿತ್ತಳೆ ಸಿಪ್ಪೆಯ ಕಹಿ. ಬೆಂಗಳೂರಿನವನು ಮತ್ತೆ ಮತ್ತೆ ಹಾಕಿಸಿಕೊಂಡ.

ಖುಷಿಯ ಭರದಲ್ಲಿ ತಮ್ಮ ಕಂಪಾರಿಯ ಇತಿಹಾಸ ಶುರುಮಾಡಿದ. 1860ರಲ್ಲಿ ಹುಟ್ಟಿದ್ದು, ಅದರ ಕೆಂಪು ಬಣ್ಣ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಪುಡಿಮಾಡಿ ತೆಗೆದದ್ದು ಎಂದೆಲ್ಲ ವರ್ಣಿಸಿದ. ಕೀಟದ ಬಣ್ಣವನ್ನು 2006ರಲ್ಲೇ ಹೆಚ್ಚಿನ ಕಡೆ ಕೈಬಿಟ್ಟಿದ್ದಾರೆ ಎಂಬಲ್ಲಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಊಟಕ್ಕೆ ಕರೆದರು. ಅಪೆರಿಟಿಫ್ ತನ್ನ ಕೆಲಸ ಮಾಡಿತ್ತು. ಎಲ್ಲರೂ ಎದ್ದು ಓಡಿದೆವು.

ಮದ್ದು ಸೊಪ್ಪು ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ ಎಂಬುದು ಕೊಡಗಿನ ಮಕ್ಕಳಿಗೂ ಗೊತ್ತು. ಗೊತ್ತಿರುವ ವಿಷಯವನ್ನು ಯಾರು ಯಾರಿಗೆ ಹೇಳುತ್ತಾರೆ?

ಬೆಳಿಗ್ಗೆ ಆರೂವರೆಗೆ ಬಚ್ಚಲಿನಿಂದ ಕೂಗು ಕೇಳಿಸಿತು. ಹೊರಬಂದ ಬೆಂಗಳೂರಿನವನ ಮುಖದಲ್ಲಿ ರಕ್ತವಿರಲಿಲ್ಲ. ಅದೆಲ್ಲ ಎಲ್ಲಿಗೆ ಹೋಯಿತೆಂದು ತನಗೆ ಗೊತ್ತು ಎಂಬಂತೆ ನಿಂತಿದ್ದ. "ಆ ಹುಳ..." ಎಂದ. ಮಾತು ಮುಂದೆ ಹೊರಡಲಿಲ್ಲ. ತಮ್ಮ ಆಸ್ಪತ್ರೆಗೆ ಹೊರಡಲು ಜೀಪಿನ ಕೀಲಿ ಹುಡುಕತೊಡಗಿದ. ಪ್ಯಾರಿಸ್ಸಿನಲ್ಲಿದ್ದು ಇದನ್ನೆಲ್ಲ ಮರೆತಿದ್ದನೋ ಏನೋ. ದೊಡ್ಡಮ್ಮ ಒಲೆಯಿಂದ ತಲೆಯೆತ್ತದೆ, "ಕೆಂಪಾಯಿತಾ? ಒಳ್ಳೆಯದು, ಮದ್ದು ಹಿಡಿದಿದೆ" ಎಂದರು. ದೊಡ್ಡಪ್ಪನಂತೂ ಪೇಪರಿನ ಹಿಂದಿನಿಂದಲೇ, "ನನಗೂ ಆಗಿದೆ" ಎಂದು ವರದಿ ಒಪ್ಪಿಸಿದರು.

ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ತಿಂಡಿಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಪಂದಿ ಕರಿ ಇತ್ತು. ಕಡಂಬುಟ್ಟನ್ನು ಮಾತ್ರ ತಿಂದ, ಅದು ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ. ಅವನ ಪಾಲಿನ ಕರಿ ದೊಡ್ಡಪ್ಪನ ತಟ್ಟೆಗೆ ವರ್ಗವಾಯಿತು.