ಆಷಾಢದ ಗಾಳಿ, ನೆಲದ ಒರಟುತನ, ಮೊದಲ ಸೆಲ್

ಬೆಂಗಳೂರಿನಲ್ಲಿ ಎತ್ತರದ ಟವರ್‌ಗಳಿಗೆ ಮಾಡಿಸುವ ಗಾಳಿಯ ಸಿಎಫ್‌ಡಿ (ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ವರದಿ ಕೈಗೆ ಬಂದರೆ, ಕೆಂಪು-ನೀಲಿ ಚಿತ್ರಗಳನ್ನು ಆಮೇಲೆ ನೋಡಿ. ನೆಲದ ಒರಟುತನಕ್ಕೆ (ಹುಲ್ಲು, ಮನೆಗಳು ಗಾಳಿಯನ್ನು ತಡೆಯುವ ಪ್ರಮಾಣಕ್ಕೆ) ಎಷ್ಟು ಕೊಟ್ಟಿದ್ದಾರೆ, ಲೆಕ್ಕಕ್ಕಾಗಿ ಗಾಳಿಯ ಜಾಗವನ್ನು ಹೋಳು ಮಾಡಿದ ಪೆಟ್ಟಿಗೆಗಳಲ್ಲಿ ನೆಲಕ್ಕೆ ತಾಗಿದ ಮೊದಲನೆಯದು, ಅಂದರೆ ಮೊದಲ ಸೆಲ್, ಎಷ್ಟು ಎತ್ತರ ಅಂತ ಮೊದಲು ಕೇಳಿ. ಉತ್ತರವಿಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ.

ಹವಾಮಾನದವರ ಒರಟುತನದ ಅಳತೆ ಝಡ್‌-ಝೀರೋ. ಹುಲ್ಲುಬಯಲಿಗೆ ಸುಮಾರು 0.03 ಮೀಟರ್, ದಟ್ಟ ಬಡಾವಣೆಗೆ 1 ಮೀಟರ್ ಆಸುಪಾಸು. ಸಾಮಾನ್ಯ ಸಿಎಫ್‌ಡಿ ಸಾಫ್ಟ್‌ವೇರ್ ಕೇಳುವುದು ಕೆ-ಎಸ್. 1933ರಲ್ಲಿ ಎಂಜಿನಿಯರ್ ನಿಕುರಾಡ್ಸೆ ಪೈಪಿನೊಳಗೆ ಮರಳು ಅಂಟಿಸಿ ಅಳೆದದ್ದರಿಂದ ಬಂದ ಮರಳುಕಣದ ಎತ್ತರ ಅದು. ಮನೆಗಳ ಎತ್ತರವನ್ನೋ ಝಡ್‌-ಝೀರೋವನ್ನೋ ನೇರ ಅಲ್ಲಿ ತುಂಬಿದರೆ ಲೆಕ್ಕ ಕೆಟ್ಟಿತು. ಫ್ಲುಯೆಂಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಒರಟುತನದ ಸ್ಥಿರಾಂಕ 0.5 ಇಟ್ಟಾಗ ಕೆ-ಎಸ್ ಝಡ್‌-ಝೀರೋದ ಸುಮಾರು 20 ಪಟ್ಟು. ಅಂದರೆ ಬಡಾವಣೆಗೆ 20 ಮೀಟರ್! ಮೊದಲ ಸೆಲ್‌ನ ಮಧ್ಯಬಿಂದು ಇದಕ್ಕಿಂತ ಮೇಲಿರಬೇಕಾದ್ದರಿಂದ ಸೆಲ್ 40 ಮೀಟರ್ ಎತ್ತರವಾಗುತ್ತದೆ. ಜನ ಓಡಾಡುವ 2 ಮೀಟರ್ ಎತ್ತರದ ಗಾಳಿ ಅದರಲ್ಲಿ ಸಿಗುವುದಾದರೂ ಎಲ್ಲಿ? ಆ ಎತ್ತರ ಮೂರನೇ ಸೆಲ್‌ನಲ್ಲೋ ಅದಕ್ಕಿಂತ ಮೇಲೋ ಬರಬೇಕು.

ಸೆಲ್ ಚಿಕ್ಕದಾಗಿಸಿ ಕೆ-ಎಸ್ ಕೂಡ ತಗ್ಗಿಸಿದರೆ ರನ್ ಚೆನ್ನಾಗಿಯೇ ಕನ್ವರ್ಜ್ ಆಗುತ್ತದೆ, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುತ್ತದೆ. ಅಪಾಯ ಇರುವುದೇ ಅಲ್ಲಿ. ಇನ್‌ಲೆಟ್‌ನಲ್ಲಿ (ಗಾಳಿ ಒಳಬರುವ ಅಂಚಿನಲ್ಲಿ) ಕೊಟ್ಟ ಪ್ರೊಫೈಲ್, ಅಂದರೆ ಎತ್ತರಕ್ಕೆ ತಕ್ಕಂತೆ ಗಾಳಿ ಬದಲಾಗುವ ರೀತಿ, ಟವರ್ ಮುಟ್ಟುವಷ್ಟರಲ್ಲಿ ಬದಲಾಗಿ, ನೆಲದ ಬಳಿ ವೇಗ ಏರಿರುತ್ತದೆ. ಕಂಡುಹಿಡಿಯುವುದು ಸುಲಭ. ಕಟ್ಟಡಗಳನ್ನೆಲ್ಲ ತೆಗೆದು ಖಾಲಿ ಡೊಮೇನ್ (ಲೆಕ್ಕ ಹಾಕುವ ಜಾಗ) ಓಡಿಸಿ, ಇನ್‌ಲೆಟ್‌ನ ಮತ್ತು ಟವರ್ ನಿಲ್ಲುವ ಜಾಗದ ವೇಗ, ಟರ್ಬುಲೆನ್ಸ್ (ಗಾಳಿಯ ಏರಿಳಿತ) ಎರಡನ್ನೂ ಹೋಲಿಸಿ. ಈ ಗ್ರಾಫ್ ಪ್ರತಿ ವರದಿಯಲ್ಲೂ ಕಡ್ಡಾಯವಾಗಬೇಕು.

ಸರಿಪಡಿಸಲು ಸುತ್ತಲಿನ ಕಟ್ಟಡಗಳನ್ನು ಜ್ಯಾಮಿತಿಯಾಗಿಯೇ ಕೂರಿಸಿ, ಆಚೆಗಿನ ನೆಲಕ್ಕೆ ಮಾತ್ರ ಒರಟುತನ ಕೊಡಿ. ಓಪನ್‌ಫೋಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಝಡ್‌-ಝೀರೋವನ್ನೇ ತೆಗೆದುಕೊಳ್ಳುವ ವಾಲ್ ಫಂಕ್ಷನ್ (ನೆಲದ ಬಳಿಯ ಗಾಳಿಯ ಸೂತ್ರ) ಇದೆ, 20 ಪಟ್ಟಿನ ತೊಡಕು ಅಲ್ಲಿಲ್ಲ. ಡೊಮೇನ್‌ನಲ್ಲಿ ಟವರ್‌ನ ಎತ್ತರದ 5 ಪಟ್ಟು ಜಾಗ ಮುಂದೆ (ಗಾಳಿ ಬರುವ ಕಡೆ), 15 ಪಟ್ಟು ಹಿಂದೆ ಬಿಡಿ.

ಎಲ್ಲ ದಿಕ್ಕಿಗೂ ಒಂದೇ ಝಡ್‌-ಝೀರೋ ಹಾಕುವುದು ಇನ್ನೊಂದು ಕೆಟ್ಟ ರೂಢಿ. ಬೆಳ್ಳಂದೂರು ಕೆರೆಯ ಪೂರ್ವ ದಂಡೆಯ ಟವರ್‌ಗೆ ಆಷಾಢದ ಪಡುವಣ ಗಾಳಿ ನೀರಿನ ಮೇಲಿಂದ ಬರುತ್ತದೆ, ಚಳಿಗಾಲದ ಮೂಡಣ ಗಾಳಿ ಕಟ್ಟಡಗಳ ನಡುವಿನಿಂದ. ಎರಡಕ್ಕೂ ಬೇರೆ ಇನ್‌ಲೆಟ್ ಬೇಕು. ವಿಮಾನ ನಿಲ್ದಾಣದಲ್ಲಿ 10 ಮೀಟರ್ ಎತ್ತರದಲ್ಲಿ ಅಳೆದ ವೇಗವನ್ನೂ ಬಯಲಿನ ಒರಟುತನದಿಂದ ಸೈಟಿನ ಒರಟುತನಕ್ಕೆ ಪರಿವರ್ತಿಸಿಯೇ ಬಳಸಬೇಕು.

ಇಷ್ಟಾದರೂ, ಗಾಳಿಯ ಸರಾಸರಿಯನ್ನಷ್ಟೇ ಲೆಕ್ಕ ಹಾಕುವ ಸ್ಟೆಡಿ ಕೆ-ಎಪ್ಸಿಲಾನ್ ಮಾದರಿ ಟವರ್ ಹಿಂದಿನ ನಿಧಾನ ಗಾಳಿಯ ವಲಯವನ್ನು ಇರುವುದಕ್ಕಿಂತ ಉದ್ದ ತೋರಿಸುತ್ತದೆ. ಆಟದ ಮೈದಾನ ಆ ಕಡೆ ಇದ್ದರೆ ಎಲ್‌ಇಎಸ್‌ಗೆ (ಗಾಳಿಯ ದೊಡ್ಡ ಸುಳಿಗಳನ್ನೇ ಲೆಕ್ಕ ಹಾಕುವ ದುಬಾರಿ ವಿಧಾನಕ್ಕೆ) ಖರ್ಚು ಮಾಡಿ, ಇನ್‌ಲೆಟ್‌ಗೆ ಕ್ಷಣಕ್ಷಣಕ್ಕೂ ಏರಿಳಿಯುವ ಗಾಳಿಯನ್ನೇ ಕೊಡಿ.